ಕೊನೆ ಗೊತ್ತಾದರೆ ಏನಾಯ್ತು ಮಾರಾಯ್ರೆ?

ನಮಸ್ಕಾರ. ಕಾಸರಗೋಡಿನಿಂದ ಮಾತಾಡುತ್ತಿದ್ದೇನೆ. ಹಿಂದೆ ಪಟಪಟ ಶಬ್ದ ಕೇಳಿದರೆ ಮೈಕ್ ಹಾಳಾಗಿದೆ ಅಂದುಕೊಳ್ಳಬೇಡಿ. ಅಡಿಕೆ ಅಂಗಳಕ್ಕೆ ಹಾಕಿದ ಶೀಟಿನ ಮೇಲೆ ಮಳೆ. ಹೊಸ ಮೈಕ್ ಬೇಕಾದರೆ ನೀವು ಸಬ್‌ಸ್ಕ್ರೈಬ್ ಮಾಡಬೇಕು, ಅಷ್ಟೇ.

ಕಳೆದ ವಾರದ ವಿಡಿಯೋಗೆ ಒಬ್ಬರು ಕಮೆಂಟ್ ಹಾಕಿದ್ದಾರೆ. "ದುರ್ಗಾಸ್ತಮಾನದ ಕೊನೆ ಹೇಳಿಬಿಟ್ಟಿರಿ. ಇನ್ನು ನಾನು ಯಾಕೆ ಓದಬೇಕು?" ಜೊತೆಗೆ ಮೂರು ಸಿಟ್ಟಿನ ಮುಖ. ಅಲ್ಲ ಮಾರಾಯ್ರೆ, ನಾನೆಲ್ಲಿ ಹೇಳಿದೆ? ತ.ರಾ.ಸು. ಅವರೇ ಹೇಳಿದ್ದಾರಲ್ಲ. ಮುಖಪುಟದಲ್ಲಿ! ಅಸ್ತಮಾನ ಅಂದರೆ ಮುಳುಗುವುದು. ದುರ್ಗ ಮುಳುಗುತ್ತದೆ. 1779ರಲ್ಲಿ ಹೈದರಾಲಿ ಚಿತ್ರದುರ್ಗ ಹಿಡಿದ, ಮದಕರಿನಾಯಕ ಸೆರೆಯಾದ. ಇದು ಗುಟ್ಟಾ? ಪುಸ್ತಕ ಬಂದದ್ದು 1982ರಲ್ಲಿ, 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಅಷ್ಟು ಜನ ಓದಿದ್ದು ಕೋಟೆ ಉಳಿಯುತ್ತದಾ ಅಂತ ನೋಡಲಿಕ್ಕಲ್ಲ. ಹೇಗೆ ಬಿತ್ತು, ಯಾರು ಬೀಳಿಸಿದರು, ಒಳಗಿನವರಿಗೆ ಅದು ಯಾವಾಗ ಗೊತ್ತಾಯ್ತು, ಅದಕ್ಕೆ. ಕೊನೆ ಗೊತ್ತಾದರೆ ಕಾದಂಬರಿ ಕೆಡುವುದಿಲ್ಲ.

ನಮ್ಮ ಊರಿನವರಿಗೆ ಇದನ್ನು ನಾನು ಹೇಳಬೇಕಾ? ಯಕ್ಷಗಾನ ಪ್ರಸಂಗ ಬರೆದ ಪಾರ್ತಿಸುಬ್ಬನ ಕುಂಬಳೆ ಇಲ್ಲೇ ಪಕ್ಕದಲ್ಲಿ ಉಂಟು. ಕರ್ಣಪರ್ವದ ತಾಳಮದ್ದಳೆಗೆ, ಅಂದರೆ ವೇಷ ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನಕ್ಕೆ, ಹೋಗಿ ನೋಡಿ. ಕರ್ಣ ಸಾಯುತ್ತಾನೆ ಅಂತ ಅಲ್ಲಿ ಚಹಾ ಕೊಡುವ ಹುಡುಗನಿಗೂ ಗೊತ್ತು. ಆದರೂ ರಥದ ಚಕ್ರ ಹೂತ ಮೇಲೆ ಮುಂದಿನ ಸಾಲಿನ ಅಜ್ಜನನ್ನು ಗಮನಿಸಿ. ಬಾಯಿ ತುಂಬ ಎಲೆಯಡಿಕೆ. ಉಗುಳಲಿಕ್ಕೆ ಏಳುವುದಿಲ್ಲ. ಕೆನ್ನೆ ಉಬ್ಬಿಸಿಕೊಂಡು, ಕರ್ಣ ಏನು ಹೇಳುತ್ತಾನೆ ಅಂತ ಕಾಯುತ್ತಾರೆ. ಈ ಪ್ರಸಂಗ ಅವರು ಐವತ್ತು ಸಲ ಕೇಳಿರಬಹುದು! ಅವರ ಹತ್ತಿರ ಹೋಗಿ "ಅಜ್ಜ, ಸ್ಪಾಯ್ಲರ್ ಉಂಟು, ಕಿವಿ ಮುಚ್ಚಿಕೊಳ್ಳಿ" ಅನ್ನಿ ನೋಡೋಣ. ಊರುಗೋಲು ಪಕ್ಕದಲ್ಲೇ ಇರುತ್ತದೆ, ಜಾಗ್ರತೆ.

ಇನ್ನೊಬ್ಬರು ಹೇಳುತ್ತಾರೆ, ಐತಿಹಾಸಿಕ ಕಾದಂಬರಿಗೆ ಸರಿ, ಹೆದರಿಕೆಯ ಕಥೆಗೆ? ಅದಕ್ಕೆ ಇನ್ನೂ ಜಾಸ್ತಿ ಸರಿ! ಡ್ರಾಕುಲಾ ಬಂದದ್ದು 1897ರಲ್ಲಿ. ಆ ಕೌಂಟ್ ರಕ್ತ ಕುಡಿಯುವವನು ಅಂತ ಇವತ್ತು ಯಾರಿಗೆ ಗೊತ್ತಿಲ್ಲ? ನಾನು ಅದನ್ನು ಓದಿದ್ದು ಒಂದು ಜುಲೈಯಲ್ಲಿ. ಕರೆಂಟ್ ಹೋಗಿ ಎರಡು ದಿನ. ಎಮರ್ಜೆನ್ಸಿ ಲೈಟ್ ಸಾಯುತ್ತಾ ಇದೆ. ಕೌಂಟನ ಕೋಟೆಗೆ ಬಂದ ಹಾರ್ಕರ್ ಗಡ್ಡ ಹೆರೆದುಕೊಳ್ಳುತ್ತಿದ್ದಾನೆ, ಎದುರಿಗೆ ಸಣ್ಣ ಕನ್ನಡಿ. ಹಿಂದಿನಿಂದ ಭುಜದ ಮೇಲೆ ಕೈ ಬೀಳುತ್ತದೆ. ಕನ್ನಡಿಯಲ್ಲಿ ಯಾರೂ ಇಲ್ಲ! ಬೆಚ್ಚಿಬಿದ್ದು ಕತ್ತಿ ತಾಗಿ ಗಲ್ಲದಲ್ಲಿ ರಕ್ತ. ಇವನು ಯಾರು ಅಂತ ನಮಗೆ ಗೊತ್ತು, ಹಾರ್ಕರನಿಗೆ ಗೊತ್ತಿಲ್ಲ. ಓಡು ಮಾರಾಯ ಅಂತ ಹೇಳಲಿಕ್ಕೂ ಆಗುವುದಿಲ್ಲ. ಹೆದರಿಕೆ ಇರುವುದೇ ಅಲ್ಲಿ. ಗೊತ್ತಿದ್ದದ್ದಕ್ಕೇ ನಾನು ಹೆದರಿದ್ದು! ಮರುದಿನ ಬಚ್ಚಲಿನ ಕನ್ನಡಿ ನೋಡದೆ ಶೇವ್ ಮಾಡಿಕೊಂಡೆ. ಗಾಯ ಇನ್ನೂ ಉಂಟು, ಬೇಕಾದರೆ ಕ್ಯಾಮೆರಾ ಹತ್ತಿರ ತರುತ್ತೇನೆ. ಬೇಡ್ವಾ? ಸರಿ.

ಕೊನೆ ಗೊತ್ತಾದರೆ ಕೆಡುವುದಿಲ್ಲ, ಕೆಡುವುದಿಲ್ಲ, ಕೆಡುವುದಿಲ್ಲ! ಬೇಕಲ ಕೋಟೆ ಕಟ್ಟಿಸಿದ್ದು ಕೆಳದಿಯ ಶಿವಪ್ಪನಾಯಕ. 1763ರಲ್ಲಿ ಅವರ ರಾಜಧಾನಿ ಬಿದನೂರು ಹೈದರನ ಕೈಸೇರಿತು, ಅಲ್ಲಿಗೆ ಕೆಳದಿಯವರ ಕಥೆ ಮುಗಿಯಿತು. ಹಾಗಂತ ನೀವು ಬೇಕಲಕ್ಕೆ ಟಿಕೆಟ್ ತಗೊಳ್ಳದೆ ಬಸ್ಸಿನಲ್ಲೇ ಕೂರುತ್ತೀರಾ? ಹೋಗುತ್ತೀರಿ. ಸೆಲ್ಫಿಯೂ ತಗೊಳ್ಳುತ್ತೀರಿ. ನನ್ನ ಬೇಕಲದ ವಿಡಿಯೋ ಕೆಳಗೆ ಉಂಟು, ನೋಡಿದವರು ತುಂಬ ಕಡಿಮೆ, ಅದು ಬೇರೆ ಬೇಸರ.

ಪತ್ತೇದಾರಿ ಕಾದಂಬರಿಯಲ್ಲಿ ಕೊಲೆಗಾರ ಯಾರು ಅಂತ ಗೊತ್ತಾದರೆ ಏನು ಉಳಿಯಿತು ಅಂತ ಕೇಳುತ್ತೀರಿ ತಾನೆ? ಕೇಳುತ್ತೀರಿ, ನನಗೆ ಗೊತ್ತು. ಅದಕ್ಕೆ ಉತ್ತರ... ಒಮ್ಮೆ ಓದಿ ರದ್ದಿಗೆ ಹಾಕುವ ಪುಸ್ತಕದ ಬಗ್ಗೆ ನಾನು ಮಾತಾಡುತ್ತಿಲ್ಲ. ಆಯ್ತಲ್ಲ. ಮುಂದೆ ಹೋಗೋಣ.

ಇಲ್ಲ, ಹೇಳಿಬಿಡುತ್ತೇನೆ, ಹೇಗೂ ಮನೆಯವರು ಕಮೆಂಟಿನಲ್ಲಿ ಹಾಕುತ್ತಾರೆ. ಮೊನ್ನೆ ನಾನೊಂದು ಪತ್ತೇದಾರಿ ಓದುತ್ತಿದ್ದೆ. ಇನ್ನೂರು ಪುಟ ದಾಟಿತ್ತು. ಅಕ್ಕ ಅಡುಗೆಮನೆಯಿಂದ ಬಂದಳು, ಪುಸ್ತಕದ ಹೊದಿಕೆ ನೋಡಿದಳು, "ಓ ಇದಾ, ಡಾಕ್ಟರೇ ಕೊಂದದ್ದು" ಅಂದು ಹಲಸಿನ ಹಪ್ಪಳ ತಟ್ಟೆಯಲ್ಲಿಟ್ಟು ಹೋದಳು. ಎರಡು ದಿನ ನಾನು ಅವಳ ಹತ್ತಿರ ಮಾತಾಡಲಿಲ್ಲ. ಹಪ್ಪಳ ತಿಂದೆ, ಮಾತಾಡಲಿಲ್ಲ.

ಅದು ಬೇರೆ ವಿಷಯ. ಅವಳು ಕೇಳದೆ ಹೇಳಿದಳು. ನೀವು ನನ್ನ ವಿಡಿಯೋ ನೋಡಲಿಕ್ಕೆ ನೀವಾಗಿ ಬಂದವರು. ವ್ಯತ್ಯಾಸ ಉಂಟು. ಏನು ವ್ಯತ್ಯಾಸ ಅಂದರೆ, ಉಂಟು.

ಬೆಲ್ ಒತ್ತಿ. ಮುಂದಿನ ವಾರ ಮಾಸ್ತಿಯವರ ಕಾದಂಬರಿ ಚಿಕವೀರ ರಾಜೇಂದ್ರ. 1834ರಲ್ಲಿ ಕೊಡಗು ಇಂಗ್ಲಿಷರ ಪಾಲಾಗುತ್ತದೆ, ಈಗಲೇ ಹೇಳಿಬಿಟ್ಟೆ, ಆಮೇಲೆ ಅಳಬೇಡಿ. ಅಕ್ಕ, ನೀನು ಇದನ್ನು ನೋಡುತ್ತಿದ್ದರೆ, ಮೇಜಿನ ಮೇಲಿರುವ ಆ ಹಸಿರು ರಟ್ಟಿನ ಪುಸ್ತಕ ನಾನು ಇನ್ನೂ ಶುರು ಮಾಡಿಲ್ಲ. ದಯವಿಟ್ಟು.