ಬೆಳಕು ಕಾಣಬಾರದು

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಳಗಾವಿಯ ಉದ್ಯಮಬಾಗ್ ಕಡೆ ಒಂದು ಸುತ್ತು ಹಾಕಿ ಬನ್ನಿ. ಹತ್ತು ಶೆಡ್ ದಾಟುವಷ್ಟರಲ್ಲಿ ಒಂದೆರಡು ಗೇಟಿಗಾದರೂ ಬೋರ್ಡ್ ನೇತು ಹಾಕಿರುತ್ತಾರೆ. ‘ಟರ್ನರ್ ಬೇಕಾಗಿದ್ದಾರೆ. ಫಿಟ್ಟರ್ ಬೇಕಾಗಿದ್ದಾರೆ.’ ಅದರ ಕೆಳಗೆ ಇನ್ನೊಂದು ಸಾಲು: ‘ಅನುಭವ ಇದ್ದವರು ಮಾತ್ರ.’ ಅದೇ ರಸ್ತೆಯ ಚಹಾದಂಗಡಿ ಮುಂದೆ ಐಟಿಐ ಮುಗಿಸಿದ ಹುಡುಗರು ಫೈಲ್ ಹಿಡಿದುಕೊಂಡು ನಿಂತಿರುತ್ತಾರೆ. ಒಳಗಿರುವ ಮಾಲೀಕರು, ‘ಹುಡುಗ್ರು ಸಿಗವಲ್ರು ಸರ’ ಅನ್ನುತ್ತಾರೆ. ಹೊರಗಿರುವ ಹುಡುಗ, ‘ಎಲ್ಲಾರೂ ಅನುಭವ ಕೇಳ್ತಾರ್ರೀ, ಅದನ್ನ ಎಲ್ಲಿಂದ ತರ್ಲಿ?’ ಅನ್ನುತ್ತಾನೆ. ಇಬ್ಬರ ನಡುವೆ ಇರುವುದು ಒಂದು ಕಬ್ಬಿಣದ ಗೇಟು, ಅಷ್ಟೇ.

ನಾನು ಬಹಳ ವರ್ಷ ಐಟಿಐಯಲ್ಲಿ ಫಿಟ್ಟರ್ ಕೆಲಸ, ಅಂದರೆ ಲೋಹದ ಭಾಗಗಳನ್ನು ಅಳತೆಗೆ ತಂದು ಜೋಡಿಸುವ ಕೆಲಸ, ಕಲಿಸಿದವನು. ಈ ಎರಡೂ ಮಾತು ಕೇಳಿ ಕೇಳಿ ನನ್ನ ಕಿವಿ ಪಳಗಿದೆ. ಎರಡೂ ನಿಜ. ಅದೇ ತೊಂದರೆ.

ಫಿಟ್ಟರ್ ಅಂದರೆ ಏನು ಕಲಿಸುತ್ತೀರಿ ಅಂತ ಪಾಲಕರು ಕೇಳುತ್ತಾರೆ. ಮೊದಲ ತಿಂಗಳು ನೋಡಿದರೆ ನಿಮಗೆ ಬೇಜಾರಾಗುತ್ತೆ. ಒಂದು ಕಬ್ಬಿಣದ ತುಂಡು ಕೊಡುತ್ತೇವೆ, ಒಂದು ಅರ ಕೊಡುತ್ತೇವೆ. ಅರಕ್ಕೆ ನಮ್ಮ ಕಡೆ ಕಾನಸ ಅಂತಾರೆ. ತುಂಡನ್ನು ವೈಸ್‌ಗೆ ಕಚ್ಚಿಸಿ ಉಜ್ಜಬೇಕು. ಉಜ್ಜಿದ್ದಾದ ಮೇಲೆ, ಮೂಲೆ ನೇರ ಇದೆಯಾ ಅಂತ ನೋಡುವ ಟ್ರೈ ಸ್ಕ್ವೇರ್ ಇಟ್ಟು, ತುಂಡನ್ನು ಕಿಟಕಿಯ ಕಡೆ ಎತ್ತಿ ಹಿಡಿಯಬೇಕು. ಅಂಚಿಗೂ ಸ್ಕ್ವೇರಿಗೂ ನಡುವೆ ಬೆಳಕು ಕಾಣಬಾರದು. ಕೂದಲೆಳೆಯಷ್ಟು ಬೆಳಕು ಕಂಡರೂ ಮತ್ತೆ ಉಜ್ಜು. ಸಾಮಾನ್ಯವಾಗಿ ನಡುಭಾಗ ಉಬ್ಬಿಕೊಂಡು ಎರಡೂ ತುದಿ ಇಳಿದಿರುತ್ತೆ, ಯಾಕಂದ್ರೆ ಕೈ ತೂಗುಯ್ಯಾಲೆ ಆಡಿರುತ್ತೆ. ಆ ಹುಡುಗನಿಗೆ ಬಾಯಲ್ಲಿ ಎಷ್ಟು ಹೇಳಿದರೂ ತಿಳಿಯುವುದಿಲ್ಲ. ಒಂದು ದಿನ ಕೈ ತಾನಾಗಿಯೇ ಸಮ ಬರುತ್ತೆ. ಆ ದಿನ ಅವನ ಮುಖ ನೋಡಬೇಕು ನೀವು.

ಹೀಗೆ ಎರಡು ವರ್ಷ ಕಲಿತವನು ಗೇಟಿನ ಮುಂದೆ ಹೋಗಿ ನಿಂತಾಗ ‘ಅನುಭವ ಇಲ್ಲ’ ಅನ್ನಿಸಿಕೊಳ್ಳುತ್ತಾನಲ್ಲ, ಅದು ನನಗೆ ಮೊದಮೊದಲು ಭಾಳ ಸಿಟ್ಟು ತರಿಸುತ್ತಿತ್ತು. ಆಮೇಲೆ ಒಂದು ಮೆಷಿನ್ ಶಾಪ್ ಮಾಲೀಕರ ಜೊತೆ ಮಾತಿಗೆ ಕೂತೆ. ಇಪ್ಪತ್ತು ಚಿಲ್ಲರೆ ಜನ ದುಡಿಯುವ ಶೆಡ್ ಅದು. ‘ನಿಮ್ಮ ಹುಡುಗ್ರಿಗೆ ಸಿಎನ್‌ಸಿ ಬರೂದಿಲ್ಲ ಸರ’ ಅಂದರು. ಸಿಎನ್‌ಸಿ ಅಂದರೆ ಕಂಪ್ಯೂಟರ್ ನಡೆಸುವ ಮೆಷಿನ್. ಆಗಲಿ ಅಂದೆ. ಒಂದು ಹಾಳೆ, ಪೆನ್ನು ಕೊಟ್ಟು ಕೇಳಿದೆ: ‘ಹೊಸ ಹುಡುಗ ಸೋಮವಾರ ಬೆಳಿಗ್ಗೆ ಒಳಗೆ ಬಂದ ಅಂತಿಟ್ಟುಕೊಳ್ಳಿ. ಮೊದಲ ವಾರ ಅವನಿಂದ ನಿಮಗೆ ಏನಾಗಬೇಕು? ಬರೀರಿ.’

ಅವರು ಚಹಾ ಆರುವ ತನಕ ಸುಮ್ನೆ ಕೂತರು. ಆಮೇಲೆ ಐದು ಸಾಲು ಬರೆದರು. ಡ್ರಾಯಿಂಗ್ ನೋಡಿ ಅಳತೆ ಹೇಳಬೇಕು. ವರ್ನಿಯರ್, ಮೈಕ್ರೋಮೀಟರ್, ಅಂದರೆ ಸೂಕ್ಷ್ಮ ಅಳತೆಯ ಉಪಕರಣಗಳನ್ನು, ತಪ್ಪಿಲ್ಲದೆ ಓದಬೇಕು. ಮೆಷಿನ್ ಒರೆಸಿ ಇಡಬೇಕು. ಹೊತ್ತಿಗೆ ಸರಿಯಾಗಿ ಬರಬೇಕು. ಐದನೆಯದು: ಪೀಸ್ ಕೆಡಿಸಿದರೆ ಮುಚ್ಚಿಡದೆ ಬಂದು ಹೇಳಬೇಕು.

ಸಿಎನ್‌ಸಿ ಅನ್ನುವ ಮಾತೇ ಅದರಲ್ಲಿ ಇರಲಿಲ್ಲ! ಅವರೇ ನಕ್ಕರು. ನಾನು ನಗುವ ಸ್ಥಿತಿಯಲ್ಲಿ ಇರಲಿಲ್ಲ. ಯಾಕಂದ್ರೆ ವರ್ನಿಯರ್ ನಾನು ಕಲಿಸಿದ್ದೆ ಹೌದು, ಆದರೆ ಹೇಗೆ? ಒಂದು ವರ್ನಿಯರ್, ಸುತ್ತ ಆರು ಹುಡುಗರು. ಪರೀಕ್ಷೆಗೆ ಬೇಕಾದಷ್ಟು ಕಲಿತರು. ದಿನಕ್ಕೆ ಇನ್ನೂರು ಪೀಸ್ ಅಳೆಯುವ ಕೈ ಬೇರೆ. ಮಿಲಿಮೀಟರಿನ ನೂರರಲ್ಲಿ ಎರಡು ಭಾಗವನ್ನು ಆ ಗೆರೆಗಳಲ್ಲಿ ಹಿಡಿಯಬೇಕು. ಅದೂ ಸಂಜೆ ನಾಲ್ಕು ಗಂಟೆಗೆ, ಕಣ್ಣು ಸೋತಾಗ. ಅದನ್ನು ಕಲಿಸುವುದಕ್ಕೆ ಶಾಪ್‌ನ ಒಳಗೇ ಹೋಗಬೇಕು.

ಇದಕ್ಕೊಂದು ದಾರಿ ಬಹಳ ಹಿಂದೆಯೇ ಆಗಿದೆ. ಅಪ್ರೆಂಟಿಸ್ ಅಂದರೆ ಕೆಲಸದ ಜಾಗದಲ್ಲೇ ದುಡಿಯುತ್ತ ಕಲಿಯುವವನು. ಅಪ್ರೆಂಟಿಸ್ ಕಾಯ್ದೆ 1961ರದು. ನನ್ನ ಎಷ್ಟೋ ವಿದ್ಯಾರ್ಥಿಗಳ ಅಪ್ಪಂದಿರಿಗಿಂತ ಹಳೆಯದು. 30 ಮತ್ತು ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಒಟ್ಟು ಕೆಲಸಗಾರರಲ್ಲಿ ಶೇಕಡಾ 2.5ರಿಂದ 15ರ ತನಕ. ‘ನಮ್ದು ಸಣ್ಣ ಶೆಡ್, ನಮಗ್ಯಾಕ ಅದು’ ಅಂದರು ಆ ಮಾಲೀಕರು. ಕಡ್ಡಾಯ ಇಲ್ಲ, ಆದರೆ 4 ಜನ ಇದ್ದರೂ ಬೇಕಾದರೆ ತೆಗೆದುಕೊಳ್ಳಬಹುದು. 2016ರಲ್ಲಿ ಬಂದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯಲ್ಲಿ ಹುಡುಗನಿಗೆ ಕೊಡುವ ಸ್ಟೈಪೆಂಡ್‌ನ ಕಾಲು ಭಾಗವನ್ನು, ತಿಂಗಳಿಗೆ 1500 ರೂಪಾಯಿ ಮೀರದ ಹಾಗೆ, ಕೇಂದ್ರ ಸರ್ಕಾರ ಭರಿಸುತ್ತೆ. ಇದು ಅವರಿಗೆ ಗೊತ್ತೇ ಇರಲಿಲ್ಲ. ಇಬ್ಬರನ್ನು ತೆಗೆದುಕೊಂಡರು.

‘ಕಲಿಸಿದ ಮ್ಯಾಲೆ ಬಿಟ್ಟು ಹೋಗ್ತಾನ್ರೀ’ ಅನ್ನುವ ದೂರೂ ಇದೆ. ಹೋಗುತ್ತಾರೆ, ಸುಳ್ಳಲ್ಲ. ಗೋವಾ ಹತ್ತಿರ, ಕೊಲ್ಹಾಪುರ ಹತ್ತಿರ. ಎರಡು ಸಾವಿರ ಜಾಸ್ತಿ ಸಿಗುತ್ತೆ ಅಂದರೆ ಹೋಗದೆ ಇರುತ್ತಾರಾ? ಅಲ್ಲಿ ಖೋಲಿ ಬಾಡಿಗೆ, ಊಟದ ಖರ್ಚು ಕಳೆದು ಎಷ್ಟು ಉಳಿಯುತ್ತೆ ಅಂತ ಹುಡುಗರಿಗೆ ಲೆಕ್ಕ ಹಾಕಿ ತೋರಿಸಿದ್ದೇನೆ. ಕೆಲವರು ಕೇಳಿದ್ದಾರೆ. ಮಾಲೀಕರಿಗೂ ಒಂದು ಮಾತು ಹೇಳಿದ್ದೇನೆ: ಮೂರನೇ ವರ್ಷವೂ ಮೊದಲ ವರ್ಷದ ಪಗಾರವನ್ನೇ ಕೊಟ್ಟರೆ, ಹುಡುಗ ಬಿಟ್ಟು ಹೋದ ಅಂತ ಯಾರನ್ನು ಬೈಯುತ್ತೀರಿ?

ಕಬ್ಬಿಣ ಕರಗಿಸಿ ಎರಕ ಹೊಯ್ಯುವ ಫೌಂಡ್ರಿಯ ವಿಷಯ ಬಂದರೆ ಇನ್ನೂ ಕಷ್ಟ. ಬೆಳಗಾವಿಗೆ ಫೌಂಡ್ರಿ ಅಂದರೆ ಹೆಸರು. ಆದರೆ ಐಟಿಐಗಳಲ್ಲಿ ಫೌಂಡ್ರಿಮನ್ ಅನ್ನುವ ಟ್ರೇಡ್ ಇದೆ ಅಂತಲೇ ಎಷ್ಟೋ ಪಾಲಕರಿಗೆ ಗೊತ್ತಿಲ್ಲ. ಗೊತ್ತಿದ್ದವರೂ ಮಗನನ್ನು ಎಲೆಕ್ಟ್ರಿಷಿಯನ್‌ಗೇ ಹಾಕುತ್ತಾರೆ. ಧೂಳು, ಕಾವು, ಬೇಡಪ್ಪಾ ಅಂತ. ಅವರನ್ನು ತಪ್ಪು ಅನ್ನಲಾರೆ. ಆದರೆ ಫೌಂಡ್ರಿಯಲ್ಲಿ ಅಚ್ಚು ಕಟ್ಟುವ ಹಳೆಯ ಮೋಲ್ಡರ್ ಒಬ್ಬರ ಕೈ ನಾನು ನೋಡಿದ್ದೇನೆ. ಅಚ್ಚಿನ ಮರಳನ್ನು ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಹಿಂಡುತ್ತಾರೆ. ಬೆರಳ ಗುರುತು ಚೆನ್ನಾಗಿ ಮೂಡಬೇಕು, ಅಂಗೈಗೆ ಅಂಟಬಾರದು. ಆಮೇಲೆ ಆ ಉಂಡೆಯನ್ನು ನಡುವೆ ಮುರಿಯುತ್ತಾರೆ. ಅಂಚು ಉದುರದೆ ನೆಟ್ಟಗೆ ಮುರಿದರೆ ನೀರು ಸರಿ. ನೀರು ಜಾಸ್ತಿ ಆಯಿತೋ, ಕಾದ ಕಬ್ಬಿಣ ಸುರಿದಾಗ ಆವಿ ಎದ್ದು ಎರಕದಲ್ಲಿ ತೂತು ಬೀಳುತ್ತೆ. ತೇವ ಅಳೆಯುವ ಉಪಕರಣವೂ ಇದೆ, ಇಲ್ಲ ಅಂತಲ್ಲ. ಆದರೆ ಆ ಕೈಯನ್ನು ಮುಂದಿನವರಿಗೆ ದಾಟಿಸುವ ತರಬೇತಿ ಎಲ್ಲಿದೆ? ಅವರನ್ನು ವಾರಕ್ಕೆ ಎರಡು ತಾಸು ನಮ್ಮ ಹುಡುಗರ ಮುಂದೆ ನಿಲ್ಲಿಸಿ, ಅದಕ್ಕೆ ಸಂಭಾವನೆ ಕೊಡಿ ಅಂತ ನಾನು ಮೇಲಿನವರನ್ನು ಬಹಳ ಸಲ ಕೇಳಿದೆ. ‘ಅವರು ಏನು ಓದಿದ್ದಾರೆ?’ ಅಂದರು. ಕಡತ ಅಲ್ಲಿಗೇ ನಿಂತಿತು.

ಮೂರು ತಿಂಗಳ ಕೋರ್ಸ್‌ಗಳ ಬಗ್ಗೆ ಕೇಳುತ್ತೀರಿ ಅಂತ ಗೊತ್ತು. ಹೊಲಿಗೆ, ಡೇಟಾ ಎಂಟ್ರಿ, ಅಂಗಡಿ ಕೆಲಸ, ಇಂಥದ್ದಕ್ಕೆ ಅದು ಸಾಕಾಗಬಹುದು. ಮೂರು ತಿಂಗಳಲ್ಲಿ ಫಿಟ್ಟರ್ ಮಾಡ್ತೀವಿ ಅಂದರೆ ಮಾತ್ರ ನಂಬಬೇಡಿ. ಸೇರುವ ಮೊದಲು ಒಂದು ಸಲ ಒಳಗೆ ಹೋಗಿ ನೋಡಿ. ಮೆಷಿನ್ ಮೇಲೆ ಎಣ್ಣೆ ಇದೆಯಾ, ಕೆಳಗೆ ಲೋಹದ ಚೂರು ಬಿದ್ದಿದೆಯಾ? ನೆಲ ತೊಳೆದಿಟ್ಟ ಹಾಗಿದ್ದರೆ ಅಲ್ಲಿ ಯಾರೂ ಕಲಿಯುತ್ತಿಲ್ಲ. ನಾನು ಕೆಲಸ ಮಾಡಿದ ಒಂದು ಕಡೆ ಹೊಸ ಲೇತ್ ಬಂದು, ತ್ರೀ ಫೇಸ್ ಕರೆಂಟ್ ಇಲ್ಲದೆ ಒಂದು ವರ್ಷ ಪ್ಲಾಸ್ಟಿಕ್ ಹೊದ್ದು ಕೂತಿತ್ತು. ಹುಡುಗರು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಪಾಸಾದರು.

ಬೇರೆಯವರ ಕೈಕೆಳಗೆ ದುಡಿಯುವುದು ಬೇಡ ಅನ್ನುವವರಿಗೆ ದಾರಿ ಬೇರೆ ಇದೆ. ಧರ್ಮಸ್ಥಳದ ಕಡೆಯಿಂದ 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆ ವಿಜಯಪುರದಲ್ಲೂ ಇದೆ. ಊಟ, ವಸತಿ ಸಮೇತ ಉಚಿತ ತರಬೇತಿ. ಅಲ್ಲಿ ಕಲಿಸುವುದು ಸ್ವಂತ ಉದ್ಯೋಗ. ನೌಕರಿ ಕೊಡಿಸಿ ಅಂತ ಅವರನ್ನು ಕೇಳಬೇಡಿ.

ಆ ಮೆಷಿನ್ ಶಾಪ್‌ಗೆ ಸೇರಿದ ಇಬ್ಬರ ಕತೆ ಹೇಳಿ ಮುಗಿಸುತ್ತೇನೆ. ಒಬ್ಬ ಹದಿನೈದು ದಿನಕ್ಕೆ ಬಿಟ್ಟ. ಇನ್ನೊಬ್ಬಳು ನೇಸರಗಿ ಕಡೆಯ ಹುಡುಗಿ. ಹೆಣ್ಣುಮಗಳು ಅಂತ ಮಾಲೀಕರು ಮೊದಲು ಅನುಮಾನಿಸಿದ್ದರು. ಈಗ ಅಳತೆಯ ಟೇಬಲ್ ಅವಳದೇ. ಮೊದಲ ತಿಂಗಳಲ್ಲೇ ಒಂದು ಟ್ರೇ ಪೀಸ್ ತಪ್ಪು ಅಳತೆಗೆ ಹೋಗಿತ್ತಂತೆ. ತಾನೇ ಎತ್ತಿಕೊಂಡು ಹೋಗಿ, ‘ಇವು ನನ್ನಿಂದ ಕೆಟ್ಟಾವ್ರೀ’ ಅಂದಳಂತೆ. ಮಾಲೀಕರು ನನಗೆ ಫೋನ್ ಮಾಡಿ ಹೇಳಿದ್ದು ಇದೊಂದನ್ನೇ.

ಅವಳಿಗೆ ಈಗಿರುವ ತೊಂದರೆ ಬಸ್ಸಿನದು. ಶಿಫ್ಟ್ ಏಳು ಗಂಟೆಗೆ. ಬಸ್ ಸ್ಟ್ಯಾಂಡ್‌ನಲ್ಲಿ ಇಳಿದು ಇನ್ನೊಂದು ಬಸ್ ಹಿಡಿದು ಉದ್ಯಮಬಾಗ್ ಮುಟ್ಟುವ ಹೊತ್ತಿಗೆ ಏಳೂವರೆ ಆಗುತ್ತೆ. ಮಾಲೀಕರು ಸದ್ಯಕ್ಕೆ ಅರ್ಧ ತಾಸು ಬಿಟ್ಟಿದ್ದಾರೆ, ಸಂಜೆ ಅರ್ಧ ತಾಸು ಜಾಸ್ತಿ ನಿಲ್ಲುತ್ತಾಳೆ.

ನಮಸ್ಕಾರ.