ದುಬಾರಿ ಟಿವಿ ಕೊಳ್ಳುವ ಮುನ್ನ ಪೆನ್‌ಡ್ರೈವ್‌ನಲ್ಲಿ ಒಂದು ಯಕ್ಷಗಾನ ಹಾಕಿಕೊಳ್ಳಿ

ದೃಶ್ಯ: ಮುಂಬೈ ಹತ್ತಿರದ ಡೊಂಬಿವಲಿಯ ಮನೆಯ ಹಾಲ್. ಸಂಜೆ ನಾಲ್ಕೂವರೆ. ಪಡುವಣ ಕಿಟಕಿಯ ಬಿಸಿಲು ನೇರ ಟಿವಿ ಮೇಲೆ.

ನಮಸ್ಕಾರ. ಈ ಟಿವಿ ಆನ್ ಇದೆ. ಆದ್ರೆ ಪರದೆಯಲ್ಲಿ ಕಾಣುತ್ತಿರುವುದು ನಮ್ಮ ಕಿಟಕಿ, ಅದರ ಗ್ರಿಲ್ಲು, ಒಣಹಾಕಿದ ಬಟ್ಟೆ. ಲಕ್ಷಕ್ಕೂ ಜಾಸ್ತಿ ಕೊಟ್ಟು ತಂದ ಟಿವಿ ಇದು. ಟಿವಿಯಲ್ಲಿ ಏನೂ ದೋಷವಿಲ್ಲ. ಅಂಗಡಿಯಲ್ಲಿ ನೋಡಿದೆ, ಮನಸೋತೆ, ತಂದೆ. ನಮ್ಮ ಹಾಲ್‌ಗೆ ಸಂಜೆ ಎಷ್ಟು ಬೆಳಕು ಬರುತ್ತದೆ ಅಂತ ಯೋಚಿಸಲಿಲ್ಲ. ನಿಮಗೆ ಹೀಗಾಗಬಾರದು ಅಂತಲೇ ಈ ವಿಡಿಯೋ.

ಮೊದಲು ಪರದೆಯ ಬಗ್ಗೆ. 4ಕೆ ಟಿವಿಯಲ್ಲಿ ಅಡ್ಡಕ್ಕೆ 3840, ಉದ್ದಕ್ಕೆ 2160, ಒಟ್ಟು ಸುಮಾರು 83 ಲಕ್ಷ ಚುಕ್ಕೆಗಳಿರುತ್ತವೆ. ಓಎಲ್ಇಡಿಯಲ್ಲಿ ಈ ಒಂದೊಂದು ಚುಕ್ಕೆಯೂ ತಾನೇ ಬೆಳಗುತ್ತದೆ, ತಾನೇ ಆರುತ್ತದೆ. ಕಪ್ಪು ಬೇಕಾದ ಕಡೆ ದೀಪವೇ ಇಲ್ಲ, ಹಾಗಾಗಿ ಅಪ್ಪಟ ಕಪ್ಪು. ಮಿನಿ ಎಲ್ಇಡಿಯಲ್ಲಿ ಹಿಂದುಗಡೆ ಸಾವಿರಾರು ಪುಟ್ಟ ದೀಪಗಳಿರುತ್ತವೆ. ಅವನ್ನು ಗುಂಪು ಮಾಡಿ ಉರಿಸುತ್ತಾರೆ, ಆರಿಸುತ್ತಾರೆ. ಆ ಗುಂಪಿಗೆ ಝೋನ್ ಅನ್ನುತ್ತಾರೆ. ಅಂಗಡಿಯವರನ್ನು ‘ಎಷ್ಟು ಝೋನ್ ಇದೆ?’ ಅಂತ ಕೇಳಿ. ನೂರರ ಲೆಕ್ಕಕ್ಕೂ ಸಾವಿರದ ಲೆಕ್ಕಕ್ಕೂ ತುಂಬಾ ವ್ಯತ್ಯಾಸವಿದೆ.

ಇನ್ನು ಕ್ಯೂಎಲ್ಇಡಿ. ಹೆಸರು ಓಎಲ್ಇಡಿ ಥರ ಕೇಳಿಸುತ್ತದೆ, ಆದ್ರೆ ಅದು ಹಿಂದುಗಡೆ ದೀಪ ಇಟ್ಟು ಬೆಳಗಿಸುವ ಎಲ್‌ಸಿಡಿಯೇ. ಬಣ್ಣ ಚೆನ್ನಾಗಿ ಬರಲಿ ಅಂತ ಕ್ವಾಂಟಮ್ ಡಾಟ್ ಪದರ ಸೇರಿಸಿರುತ್ತಾರೆ, ಅಷ್ಟೇ.

ದೃಶ್ಯ: ಕೈಯಲ್ಲಿ ಪೆನ್‌ಡ್ರೈವ್, ಹತ್ತಿರದಿಂದ.

ಇದರಲ್ಲಿ ಎರಡು ನಿಮಿಷದ ಯಕ್ಷಗಾನವಿದೆ. ಮಾಟುಂಗದಲ್ಲಿ ನಡೆದ ಆಟ, ಫೋನಿನಲ್ಲೇ 4ಕೆಯಲ್ಲಿ ತೆಗೆದದ್ದು. ಅಂಗಡಿಯಲ್ಲಿ ಓಡಿಸುವ ಹೂವು, ಗಿಳಿ, ಹಣ್ಣಿನ ವಿಡಿಯೋ ಎಲ್ಲ ಟಿವಿಯಲ್ಲೂ ಚೆನ್ನಾಗಿಯೇ ಕಾಣುತ್ತದೆ. ಅದನ್ನು ನೋಡಿ ಏನೂ ಗೊತ್ತಾಗುವುದಿಲ್ಲ. ನಿಮಗೆ ಚೆನ್ನಾಗಿ ಗೊತ್ತಿರುವ ಬಣ್ಣ, ಮುಖ, ಬೆಳಕು ಇರುವ ವಿಡಿಯೋ ಒಯ್ಯಿರಿ. ನಾನಂತೂ ಆಟವನ್ನೇ ಒಯ್ಯುತ್ತೇನೆ.

ಯಾಕೆ ಅಂತೀರಾ? ಹಿಂದೆ ಕಡುಕಪ್ಪು ಪರದೆ, ಮುಂದೆ ಹೊಳೆಯುವ ಕಿರೀಟ. ಝೋನ್ ಕಡಿಮೆ ಇದ್ದರೆ ಕಿರೀಟದ ಸುತ್ತ ಮಂಜು ಕವಿದ ಹಾಗೆ ಬಿಳಿ ಬೆಳಕು ಹರಡುತ್ತದೆ. ವೇಷಧಾರಿ ಪಕ್ಕಕ್ಕೆ ಸರಿದರೆ ಆ ಬೆಳಕೂ ಜೊತೆಗೇ ಸರಿಯುತ್ತದೆ. ಓಎಲ್ಇಡಿಯಲ್ಲಿ ಹಾಗಾಗುವುದಿಲ್ಲ. ಆಮೇಲೆ ಬಣ್ಣದ ವೇಷದ ಮುಖ ನೋಡಿ. ಒಂದೊಂದಾಗಿ ಇಟ್ಟ ಬಿಳಿ ಚಿಟ್ಟಿಗಳು, ಅಂದರೆ ಉಬ್ಬು ಚುಕ್ಕೆಗಳು, ಎಣಿಸುವ ಹಾಗೆ ಬಿಡಿಬಿಡಿಯಾಗಿ ಕಾಣಬೇಕು. ಒಂದೇ ಬಿಳಿ ಪಟ್ಟಿಯಾಗಿ ಕಂಡರೆ ಟಿವಿ ವಿವಿಡ್ ಅಥವಾ ಡೈನಾಮಿಕ್ ಮೋಡ್‌ನಲ್ಲಿರಬಹುದು. ರಿಮೋಟ್ ಕೇಳಿ ಪಡೆದು ಸಿನಿಮಾ ಅಥವಾ ಫಿಲ್ಮ್‌ಮೇಕರ್ ಮೋಡ್‌ಗೆ ಹಾಕಿ. ಚಿತ್ರ ಮಂಕಾಯಿತು ಅನ್ನಿಸುತ್ತದೆ. ಐದು ನಿಮಿಷ ಕೊಡಿ, ಕಣ್ಣು ಹೊಂದಿಕೊಳ್ಳುತ್ತದೆ.

ಕೊನೆಗೆ ಧೀಂಗಿಣ, ಅಂದರೆ ವೇಷಧಾರಿಯ ಸುತ್ತು ಕುಣಿತ. ಗಿರಗಿರ ತಿರುಗುವಾಗ ಕೈಯ ಅಂಚು ಹರಿದಂತೆ ಕಂಡರೆ, ಟಿವಿ ನಡುನಡುವೆ ಇಲ್ಲದ ಚಿತ್ರಗಳನ್ನು ತಾನೇ ಹುಟ್ಟಿಸಿ ಸೇರಿಸುತ್ತಿದೆ ಅಂತ ಅರ್ಥ. ಸೆಟ್ಟಿಂಗ್ಸ್‌ನಲ್ಲಿ ಅದನ್ನು ಕಡಿಮೆ ಮಾಡಬಹುದು. ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಅನ್ನುವುದನ್ನು ಹರ್ಟ್ಸ್‌ನಲ್ಲಿ ಹೇಳುತ್ತಾರೆ. ಆದ್ರೆ ಪೆಟ್ಟಿಗೆ ಮೇಲೆ ದೊಡ್ಡದಾಗಿ ಬರೆದ ಆ ನಂಬರ್ ನಂಬಬೇಡಿ. ‘ಪ್ಯಾನೆಲ್‌ದೇ 120 ಹರ್ಟ್ಸ್ ಇದೆಯಾ?’ ಅಂತಲೇ ಕೇಳಿ.

ಹಾಗಾದ್ರೆ ಓಎಲ್ಇಡಿಯೇ ತರೋಣ ಅಲ್ವಾ? ಸ್ವಲ್ಪ ನಿಲ್ಲಿ. ಮನೆಯಲ್ಲಿ ಟಿವಿ ಹೆಚ್ಚು ಹೊತ್ತು ನೋಡುವವರು ಯಾರು? ನಮ್ಮಲ್ಲಿ ಮಾವ. ಬೆಳಗ್ಗೆಯಿಂದ ರಾತ್ರಿವರೆಗೆ ಕನ್ನಡ ನ್ಯೂಸ್ ಚಾನೆಲ್. ಊರಿನ ಸುದ್ದಿ ಬಿಟ್ಟರೆ ಅವರಿಗೆ ಊಟ ಸೇರುವುದಿಲ್ಲ. ಆ ಚಾನೆಲ್‌ನ ಲೋಗೋ, ಕೆಳಗಿನ ಕೆಂಪು ಪಟ್ಟಿ ದಿನವಿಡೀ ಒಂದೇ ಜಾಗದಲ್ಲಿ ಇರುತ್ತವೆ. ಓಎಲ್ಇಡಿಯಲ್ಲಿ ಹೀಗೆ ವರ್ಷಗಟ್ಟಲೆ ನಡೆದರೆ ಆ ಜಾಗದ ಚುಕ್ಕೆಗಳು ಬೇಗ ಸವೆದು ಗುರುತು ಉಳಿಯಬಹುದು. ಬರ್ನ್-ಇನ್ ಅಂದರೆ ಇದೇ. ಈಗಿನ ಟಿವಿಗಳು ಲೋಗೋವನ್ನು ಮಂಕು ಮಾಡಿ ತಮ್ಮನ್ನು ಕಾಪಾಡಿಕೊಳ್ಳುತ್ತವೆ. ಆದರೂ ಪ್ಯಾನೆಲ್ ವಾರಂಟಿಯಲ್ಲಿ ಬರ್ನ್-ಇನ್ ಸೇರಿದೆಯಾ ಅಂತ ಓದಿ ನೋಡಿ. ದಿನವಿಡೀ ನ್ಯೂಸ್, ಜೊತೆಗೆ ಪಡುವಣ ಬಿಸಿಲು, ಎರಡೂ ಇರುವ ಮನೆಗೆ ಒಳ್ಳೆಯ ಮಿನಿ ಎಲ್ಇಡಿಯೇ ಸರಿ. ಬೆಳಕಿನಲ್ಲೂ ಗೆಲ್ಲುವಷ್ಟು ಪ್ರಖರತೆ ಅದಕ್ಕಿದೆ. ರಾತ್ರಿ ದೀಪ ಆರಿಸಿ ಸಿನಿಮಾ ನೋಡುವವರು ಕಣ್ಣು ಮುಚ್ಚಿ ಓಎಲ್ಇಡಿ ತನ್ನಿ.

ಸೈಜಿನ ಲೆಕ್ಕ ಸುಲಭ. ಸೋಫಾದಿಂದ ಗೋಡೆಗೆ ಟೇಪ್ ಹಿಡಿಯಿರಿ. ಆರರಿಂದ ಏಳು ಅಡಿ ಬಂದರೆ 55 ಇಂಚು, ಏಳರಿಂದ ಎಂಟೂವರೆ ಬಂದರೆ 65. ಮುಂಬೈಯ ಒನ್ ಬಿಎಚ್‌ಕೆ ಹಾಲ್‌ಗಳಲ್ಲಿ ಹೆಚ್ಚಾಗಿ ಇಷ್ಟೇ ಜಾಗ ಇರುವುದು. ಈ ದೂರದಲ್ಲಿ ಇನ್ನೂ ಹೆಚ್ಚು ಚುಕ್ಕೆಗಳಿರುವ 8ಕೆಗೆ ದುಡ್ಡು ಹಾಕಬೇಡಿ, ನಿಮ್ಮ ಕಣ್ಣಿಗೆ ವ್ಯತ್ಯಾಸ ಸಿಗುವುದಿಲ್ಲ.

ದೃಶ್ಯ: ಟಿವಿಯ ಹಿಂಬದಿ, ಎಚ್‌ಡಿಎಂಐ ಕಿಂಡಿಗಳು.

ಮಕ್ಕಳು ಗೇಮ್ ಆಡುತ್ತಾರಾ? ಗೇಮಿನ ವೇಗದ ಚಿತ್ರಕ್ಕೆ ಬೇಕಾದ ಎಚ್‌ಡಿಎಂಐ 2.1 ಎಷ್ಟು ಕಿಂಡಿಗಳಲ್ಲಿ ಇದೆ ನೋಡಿ. ಕೆಲವು ಟಿವಿಗಳಲ್ಲಿ ನಾಲ್ಕಕ್ಕೂ ಇರುತ್ತದೆ, ಕೆಲವದರಲ್ಲಿ ಎರಡಕ್ಕೆ ಮಾತ್ರ. ಆ ಎರಡರಲ್ಲಿ ಒಂದು ಸೌಂಡ್‌ಬಾರ್‌ಗೆ ಟಿವಿಯ ಸದ್ದು ಕಳಿಸುವ ಇಎಆರ್‌ಸಿ ಕಿಂಡಿಯೂ ಆಗಿದ್ದರೆ ಗೇಮಿಗೆ ಉಳಿಯುವುದು ಒಂದೇ. ಸೌಂಡ್‌ಬಾರ್‌ಗೆ ದುಡ್ಡು ಈಗಲೇ ಎತ್ತಿಡಿ. ತೆಳ್ಳಗಿನ ಟಿವಿಯಲ್ಲಿ ದೊಡ್ಡ ಸ್ಪೀಕರ್‌ಗೆ ಜಾಗವಿಲ್ಲ. ಫ್ಯಾನ್ ತಿರುಗುತ್ತಿದ್ದರೆ ಭಾಗವತರ ಪದ ಚೆಂಡೆಯ ಸದ್ದಿನಲ್ಲಿ ಮುಳುಗಿಹೋಗುತ್ತದೆ.

ಎಚ್‌ಡಿಆರ್ ಅಂದರೆ ಬೆಳಕು, ಕತ್ತಲಿನ ಅಂತರವನ್ನು ಹೆಚ್ಚು ಚೆನ್ನಾಗಿ ತೋರಿಸುವ ವಿಡಿಯೋ; ಡಾಲ್ಬಿ ವಿಷನ್, ಎಚ್‌ಡಿಆರ್10+ ಅದರ ಬಗೆಗಳು. ಅದರ ವಿಚಾರ ಒಂದೇ ಮಾತು. ಇದುವರೆಗಿನ ಸ್ಯಾಮ್‌ಸಂಗ್ ಟಿವಿಗಳಲ್ಲಿ ಡಾಲ್ಬಿ ವಿಷನ್ ಇಲ್ಲ, ಎಚ್‌ಡಿಆರ್10+ ಇದೆ. ಎಲ್‌ಜಿ ಓಎಲ್ಇಡಿಗಳಲ್ಲಿ ಡಾಲ್ಬಿ ವಿಷನ್ ಇದೆ. ಇದೊಂದಕ್ಕಾಗಿ ಟಿವಿ ಬದಲಿಸಬೇಕಿಲ್ಲ.

ಬೆಲೆ ಕೇಳುವಾಗ ಹಳೆಯ ಲೆಕ್ಕ ಇಟ್ಟುಕೊಳ್ಳಬೇಡಿ. 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ 18ಕ್ಕೆ ಇಳಿದಿದೆ. ಹಾಗೇ ಹಿಂದಿನ ವರ್ಷದ ಮಾಡೆಲ್ ಇದೆಯಾ ಅಂತಲೂ ಕೇಳಿ. ನಾನಾಗಿದ್ದರೆ ಈ ವರ್ಷದ ಸಾಧಾರಣ ಟಿವಿಗಿಂತ ಹೋದ ವರ್ಷದ ಒಳ್ಳೆಯ ಟಿವಿಯನ್ನೇ ತರುತ್ತೇನೆ.

ಆರ್ಡರ್ ಮಾಡುವ ಮೊದಲು ಲಿಫ್ಟ್ ಅಳೆಯಿರಿ. 65 ಇಂಚಿನ ಟಿವಿಯೇ ಸುಮಾರು 145 ಸೆಂಟಿಮೀಟರ್ ಅಗಲ, ಪೆಟ್ಟಿಗೆ ಇನ್ನೂ ದೊಡ್ಡದು. ನಮ್ಮ ಹಳೆ ಬಿಲ್ಡಿಂಗ್ ಲಿಫ್ಟ್‌ಗೆ ಹಿಡಿಸದೆ ನಾಲ್ಕು ಮಹಡಿ ಮೆಟ್ಟಿಲು ಹತ್ತಿಸಿದರು. ಮೆಟ್ಟಿಲು ತಿರುಗುವ ಕಡೆಯೂ ಪೆಟ್ಟಿಗೆಯನ್ನು ಮಲಗಿಸಲು ಬಿಡಬೇಡಿ, ನೆಟ್ಟಗೇ ಇರಲಿ. ಗೋಡೆಗೆ ಹಾಕಿದ ಮೇಲೆ ಫಿಟ್ಟಿಂಗ್ ಮಾಡುವ ಹುಡುಗನಿಗೆ ಚಹಾ ಕೊಟ್ಟು ಕೂರಿಸಿ. ಅವನು ಹೊರಡುವ ಮೊದಲೇ ಪೆನ್‌ಡ್ರೈವ್ ಚುಚ್ಚಿ ಅದೇ ಎರಡು ನಿಮಿಷದ ಆಟ ಹಾಕಿ. ಅಂಗಡಿಯಲ್ಲಿ ಎಣಿಸಿದ ಚಿಟ್ಟಿಗಳು ಇಲ್ಲೂ ಕಾಣುತ್ತವಾ ನೋಡಿ.