ಯಾರದೋ ಬೆಟ್ಟ, ನನ್ನ ಗಂಜಿ

ನಮಸ್ಕಾರ. ಪರಿಚಯ ಮಾಡಿಕೊಟ್ಟವರು ನನ್ನನ್ನು ‘ಒಬ್ಬರೇ ಬೈಕಿನಲ್ಲಿ ಹೋಗಿ, ಕಾಡಿನಲ್ಲಿ ಅಡುಗೆ ಮಾಡಿಕೊಂಡು ಉಂಡು ಮಲಗುವವರು’ ಎಂದರು. ಕೇಳಲು ಹಿತವಾಗಿದೆ. ಆದರೆ ನಾನು ಕಾಡಿನಲ್ಲಿ ಮಲಗುವುದಿಲ್ಲ. ಕಾಡಂಚಿನಲ್ಲಿ, ಯಾರದೋ ಅಡಿಕೆ ತೋಟದ ಮೇಲಿನ ಕಣದಲ್ಲೋ ಕೊಯ್ಲಾದ ಗದ್ದೆಯಲ್ಲೋ, ಮನೆಯವರನ್ನು ಕೇಳಿ ಟೆಂಟು ಹಾಕುತ್ತೇನೆ. ಈ ‘ಕೇಳಿ’ ಎಂಬ ಬುದ್ಧಿ ನನಗೆ ಬಂದದ್ದು ತಡವಾಗಿ.

ಶಿವಮೊಗ್ಗದಿಂದ ತೀರ್ಥಹಳ್ಳಿ ದಾರಿ ಹಿಡಿದರೆ ಶೆಟ್ಟಿಹಳ್ಳಿ ಅಭಯಾರಣ್ಯ. ಸಾಗರದ ಆಚೆ ಶರಾವತಿ ಕಣಿವೆ. ಆಗುಂಬೆ ಇಳಿದರೆ ಸೋಮೇಶ್ವರ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ, ಸಾರ್ವಜನಿಕ ರಸ್ತೆ ಬಿಟ್ಟು ಅನುಮತಿ ಇಲ್ಲದೆ ಅಭಯಾರಣ್ಯದೊಳಗೆ ಕಾಲಿಡುವಂತಿಲ್ಲ. ಮೀಸಲು ಅರಣ್ಯದಲ್ಲಿ ಬೆಂಕಿ ಹೊತ್ತಿಸುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಲ್ಲಿ ಅಪರಾಧ. ಉಳಿದದ್ದಾದರೂ ಖಾಲಿ ಜಾಗವೇ ಎಂದರೆ ಅದೂ ಅಲ್ಲ. ನಿಮ್ಮ ಕಣ್ಣಿಗೆ ಕಾಡಿನಂತೆ ಕಾಣುವುದು ಎಷ್ಟೋ ಸಲ ಒಬ್ಬ ಬೆಳೆಗಾರನ ಸೊಪ್ಪಿನ ಬೆಟ್ಟ. ಅಲ್ಲಿನ ಸೊಪ್ಪು ಕೊಟ್ಟಿಗೆಗೆ ಹಾಸಾಗಿ, ಗೊಬ್ಬರವಾಗಿ, ಕೊನೆಗೆ ಅಡಿಕೆ ಮರದ ಬುಡ ಸೇರುತ್ತದೆ. ಯಾರದೂ ಅಲ್ಲದ ಜಾಗವನ್ನು ಮಲೆನಾಡಿನಲ್ಲಿ ನಾನಂತೂ ಇನ್ನೂ ಕಂಡಿಲ್ಲ.

ಆಗ ಇದೆಲ್ಲ ಗೊತ್ತಿರಲಿಲ್ಲ. ಜನವರಿಯ ಒಂದು ಸಂಜೆ, ಹೊಸನಗರದ ಕಡೆ, ಹಳ್ಳದ ದಂಡೆಯಲ್ಲಿ ಬೈಕು ನಿಲ್ಲಿಸಿದೆ. ನೆಲ ಗಟ್ಟಿಯಾಗಿತ್ತು. ಒಣಗಿದ ತರಗೆಲೆಯನ್ನು, ನಮ್ಮ ಕಡೆ ದರಕು ಎನ್ನುತ್ತಾರಲ್ಲ, ಅದನ್ನು ತೋಳು ತುಂಬ ತಂದು ಮೆತ್ತೆಯಂತೆ ಹರಡಿ ಮೇಲೆ ಟೆಂಟು ಹಾಕಿದೆ. ಹಳ್ಳದಿಂದ ಮೂರು ನುಣುಪು ಕಲ್ಲು ತಂದು ಒಲೆ ಹೂಡಿದೆ. ಅನ್ನ ಕುದಿ ಬರುವ ಹೊತ್ತಿಗೆ ಒಂದು ಕಲ್ಲು ಗರ್ನಾಲು ಸಿಡಿದಂತೆ ಸಿಡಿಯಿತು. ನೀರಿನಲ್ಲೇ ಬಿದ್ದಿದ್ದ ಕಲ್ಲಿನ ಬಿರುಕುಗಳಲ್ಲಿ ತೇವ ಕೂತಿರುತ್ತದೆ. ಕಾದಾಗ ಅದು ಆವಿಯಾಗಿ, ಹೊರಗೆ ಹೋಗಲು ದಾರಿ ಸಿಗದೆ ಕಲ್ಲನ್ನೇ ಒಡೆಯುತ್ತದೆ. ಅರ್ಧ ಅನ್ನ ಬೂದಿಗೆ ಹೋಯಿತು. ಕಣ್ಣು ಉಳಿಯಿತು.

ಬೆಳಿಗ್ಗೆ ಕತ್ತಿ ಹಿಡಿದು ಸೊಪ್ಪಿಗೆ ಬಂದ ಹಿರಿಯರೊಬ್ಬರು ನನ್ನನ್ನು ನೋಡಿದರು. ‘ಯಾರು ಹೇಳಿದ್ದು ಇಲ್ಲಿ ಇರಲಿಕ್ಕೆ’ ಎಂದು ಗದರುತ್ತಾರೆ ಅಂದುಕೊಂಡೆ. ಅವರು ಕೇಳಿದ್ದು ಬೇರೆ: “ಇಷ್ಟು ಹತ್ತಿರ ಬಂದವರು ಮನೆಗೆ ಯಾಕೆ ಬರಲಿಲ್ಲ?” ತೋಟದ ಕೆಳಗೆ, ನೂರು ಹೆಜ್ಜೆಯಲ್ಲಿ, ಅವರ ಮನೆ ಇತ್ತಂತೆ. ಆಮೇಲೆ ಕೋಲಿನ ತುದಿಯಿಂದ ಟೆಂಟಿನ ಅಂಚು ಎತ್ತಿ ನೋಡಿದರು. ಆಗ ನಿಜವಾಗಿಯೂ ಗದರಿದರು. “ದರಕಿನ ಮೇಲೆ ಯಾರಾದರೂ ಮಲಗುತ್ತಾರೆಯೇ ಮಾರಾಯರೇ? ಮಂಗನ ಕಾಯಿಲೆ ಕೇಳಿಲ್ಲವೇ?”

ಕೇಳಿದ್ದೆ. ನಮ್ಮದೇ ಜಿಲ್ಲೆಯ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದರಿಂದ ವೈದ್ಯಕೀಯ ಪುಸ್ತಕಗಳಲ್ಲಿ ಅದಕ್ಕೆ ಆ ಊರಿನ ಹೆಸರೇ ಇದೆ. ಹರಡುವುದು ಉಣುಗಿನಿಂದ, ಅಂದರೆ ದನಕ್ಕೆ ಹತ್ತುವ ಉಣ್ಣೆಯಂಥದ್ದರಿಂದ, ಅದರ ಮರಿ ಎಳ್ಳಿಗಿಂತ ಚಿಕ್ಕದು, ಇರುವುದು ತರಗೆಲೆಯ ನಡುವೆ. ಕಾಯಿಲೆಯ ಕಾಲ ಹೆಚ್ಚುಕಡಿಮೆ ಡಿಸೆಂಬರಿನಿಂದ ಮೇ ತನಕ. ಮಳೆ ಬಿಟ್ಟು, ಉಂಬಳ ಎಂಬ ಕಾಡಿನ ಜಿಗಣೆ ಕಡಿಮೆಯಾಗಿ, ಬೈಕಿನವರೆಲ್ಲ ‘ಈಗ ಹೊರಡೋಣ’ ಎನ್ನುವ ಕಾಲವೂ ಅದೇ! ಉಂಬಳ ಕಚ್ಚಿದರೆ ರಕ್ತ ಹೋಗುತ್ತದೆ, ನಾಲ್ಕು ದಿನ ತುರಿಸುತ್ತದೆ, ಅಷ್ಟೇ. ನಮ್ಮ ಹುಡುಗರು ಹೆದರುವುದು ಅದಕ್ಕೆ, ಉಣುಗಿಗಲ್ಲ. ಆದ್ದರಿಂದ ಗುಡಿಸಿದ ಕಣವೇ ಒಳ್ಳೆಯದು. ಉಣುಗು ಹತ್ತದಂತೆ ಕೈಕಾಲಿಗೆ ಡೇಪಾ ತೈಲ ಹಚ್ಚಿಕೊಳ್ಳಿ. ಕಾಯಿಲೆ ಇರುವ ಕಡೆ ಆರೋಗ್ಯ ಇಲಾಖೆಯೇ ಹಂಚುತ್ತದೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ತಿಳಿಸಿ. ಊರಿಗೆ ಮರಳಿದ ಎರಡು ವಾರದೊಳಗೆ ಜ್ವರ ಬಂದರೆ, ಕಾಡಿಗೆ ಹೋಗಿದ್ದೆ ಎಂಬುದನ್ನು ವೈದ್ಯರಿಗೆ ಮೊದಲು ಹೇಳಿ.

ಇನ್ನು ಅಡುಗೆ. ನನಗೆ ಇಷ್ಟವಾದ ಭಾಗ. ಮೊಬೈಲಿನಲ್ಲಿ ಈಗ ಕಾಣುವುದೆಲ್ಲ ಕೆಂಡದ ಮೇಲೆ ಕೋಳಿ. ಒಬ್ಬನಿಗೆ ಇಡೀ ಕೋಳಿ ಏಕೆ? ಉಳಿದ ಮೂಳೆಯನ್ನು ಅಲ್ಲೇ ಎಸೆದು ಬಂದರೆ ರಾತ್ರಿ ಹಂದಿಯೋ ನಾಯಿಯೋ ಹುಡುಕಿಕೊಂಡು ಬರುತ್ತದೆ. ನನ್ನದು ಗಂಜಿ. ಮನೆಯಲ್ಲೇ ಅಕ್ಕಿ ನುಚ್ಚನ್ನು ಘಮ ಬರುವವರೆಗೆ ಹುರಿದು ಡಬ್ಬಿಗೆ ತುಂಬುತ್ತೇನೆ. ಒಂದು ಹಿಡಿ ನುಚ್ಚು, ಧಾರಾಳವಾಗಿ ನೀರು, ಉಪ್ಪು. ಅಂಗೈಯಗಲದ ಗ್ಯಾಸ್ ಒಲೆಯ ಮೇಲೆ ಐದು ನಿಮಿಷ ಕುದಿಸಿ, ಆರಿಸಿ, ಪಾತ್ರೆಯನ್ನು ಕಂಬಳಿಯಲ್ಲಿ ಸುತ್ತಿಟ್ಟುಬಿಡುತ್ತೇನೆ. ಕೈಕಾಲು ತೊಳೆದು ಬರುವಷ್ಟರಲ್ಲಿ ಬಿಸಿಯಲ್ಲೇ ಅರಳಿರುತ್ತದೆ, ಗ್ಯಾಸೂ ಉಳಿಯುತ್ತದೆ. ಮೇಲೆ ಒಂದು ಹನಿ ಕೊಬ್ಬರಿ ಎಣ್ಣೆ, ಪಕ್ಕಕ್ಕೆ ಉಪ್ಪಿನಕಾಯಿಯ ಒಂದು ಅಪ್ಪೆಮಿಡಿ ಮಾವು. ಮಿಡಿಯನ್ನು ಕಚ್ಚಿದಾಗ ಸೊನೆಯ ಪರಿಮಳ ಮೂಗಿಗೆ ಏರುತ್ತದೆ, ಹಿಂದೆಯೇ ಗಂಜಿಯ ಬಿಸಿ ಗಂಟಲಿಗೆ ಇಳಿಯುತ್ತದೆ. ಆ ಹೊತ್ತಿಗೆ ಯಾರೂ ಮಾತನಾಡಿಸದಿರುವುದೇ ಸುಖ.

ಗಾಳಿ ಇದೆಯೆಂದು ಒಲೆಯನ್ನು ಬೈಕಿನ ಮರೆಗೆ ಇಡಬೇಡಿ. ಮೇಲೆ ಪೆಟ್ರೋಲ್ ಟ್ಯಾಂಕ್ ಇದೆ. ಮಳೆ ಬಂತೆಂದು ಟೆಂಟಿನೊಳಗೂ ಒಯ್ಯಬೇಡಿ, ಉಸಿರು ಕಟ್ಟುತ್ತದೆ. ಮನೆಯವರು ಅಂಗಳದಲ್ಲಿ ಸೌದೆ ಉರಿಸಲು ಒಪ್ಪಿದರೆ, ಸೌದೆ ಯಾವುದು ಎಂದು ಅವರನ್ನೇ ಕೇಳಿ. ಹೊಳೆಗೇರಿನ ಸೊನೆ ತಾಗಿದರೆ ಮೈ ಬೊಬ್ಬೆ ಏಳುತ್ತದೆ, ಆ ಮರದ ಗುರುತು ಪೇಟೆಯವರಿಗೆ ಸಿಗುವುದಿಲ್ಲ.

ಬೈಕಿನ ಬಗ್ಗೆ ಕಡಿಮೆ ಹೇಳುತ್ತೇನೆ, ಏಕೆಂದರೆ ನೀವು ಅದನ್ನೇ ಹೆಚ್ಚು ಕೇಳುತ್ತೀರಿ. ಭಾರ ಕೆಳಗಿರಲಿ, ಎರಡು ಬದಿಗೆ ಸಮನಾಗಿರಲಿ. ಹಿಂದೆ ಗೋಪುರ ಕಟ್ಟಿದರೆ ಆಗುಂಬೆಯ 14 ತಿರುವುಗಳಲ್ಲಿ ಮುಂದಿನ ಚಕ್ರ ಹಗುರಾಗಿ ನಿಮ್ಮ ಮಾತು ಕೇಳುವುದಿಲ್ಲ. ಹತ್ತಿದ ಗೇರಿನಲ್ಲೇ ಇಳಿಯಿರಿ. ಒಂದು ಕ್ಲಚ್ ಕೇಬಲ್ ಜೊತೆಗಿರಲಿ. ಉಪ್ಪಿನಕಾಯಿಯ ಬಾಟಲಿಯನ್ನು ಬಟ್ಟೆಯ ಚೀಲದಲ್ಲಿ ಇಡಬೇಡಿ. ಕುಲುಕಾಟಕ್ಕೆ ಮುಚ್ಚಳ ತಿರುಗಿ ನನ್ನ ಬಿಳಿ ಅಂಗಿಯೊಂದು ಶಾಶ್ವತವಾಗಿ ಕೆಂಪಾಗಿದೆ.

ಆ ಹಿರಿಯರ ಮನೆಗೆ ನಾನು ಈಗಲೂ ಹೋಗುತ್ತೇನೆ. ಬೈಕು ನಿಲ್ಲಿಸಿ ಹೆಲ್ಮೆಟ್ ತೆಗೆಯುವ ಮೊದಲೇ “ಆಸರಿಗೆ ಏನು ಬೇಕು?” ಎಂದು, ಅಂದರೆ ಕುಡಿಯಲಿಕ್ಕೆ ಏನೆಂದು, ಒಳಗಿನಿಂದ ಕೇಳುತ್ತಾರೆ. ಬೆಲ್ಲ ನೀರು ಕುಡಿದು, ಒಂದು ಎಲೆಯಡಿಕೆ ಕವಳ ಹಾಕಿ, ಪೇಟೆಯ ಸುದ್ದಿ ಹೇಳಿ, ಆಮೇಲೆ ಕಣಕ್ಕೆ ಹೋಗಿ ಟೆಂಟು ಹಾಕುತ್ತೇನೆ. ‘ಮನೆಯೊಳಗೆ ಇಷ್ಟು ಜಾಗ ಇರುವಾಗ ಇದೆಂಥ ಹುಚ್ಚು’ ಎಂದು ಮನೆಯಾಕೆಗೆ ಇವತ್ತಿಗೂ ಅರ್ಥವಾಗಿಲ್ಲ. ಕಳೆದ ಸಲ ಕತ್ತಲಾದ ಮೇಲೆ ಲಾಟೀನು ಹಿಡಿದು ಬಂದು, ನನ್ನ ಗಂಜಿಯ ಪಾತ್ರೆಗೆ ಇಣುಕಿ ನೋಡಿ, ಏನೂ ಹೇಳದೆ ಹೋದರು. ಸ್ವಲ್ಪ ಹೊತ್ತಿಗೆ ಬಾಳೆ ಎಲೆಯಲ್ಲಿ ಎರಡು ಕಡುಬು ಬಂದವು.

ಪ್ರಶ್ನೆಗಳಿದ್ದರೆ ಕೇಳಿ. ಮೈಲೇಜ್ ಎಷ್ಟು ಎಂಬುದೊಂದನ್ನು ಬಿಟ್ಟು.